ಓದುವ ಸಭೆ: ಆದಿ ಯೆಹೂದ್ಯ ಸಾಹಿತ್ಯ ಮತ್ತು ಸಭಾಮಂದಿರದ ಬೆಳವಣಿಗೆ

ಯೇಸುಸ್ವಾಮಿ ನಜರೇತಿನಲ್ಲಿ ಯೆಶಾಯನ ಗ್ರಂಥದ ಸುರುಳಿಯನ್ನು ಬಿಚ್ಚಿ ಓದಿದ ಸ್ಥಳಕ್ಕೆ ಕನ್ನಡ ಬೈಬಲ್ಲಿನಲ್ಲಿ ಎರಡು ಹೆಸರುಗಳಿವೆ. ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಸತ್ಯವೇದದಲ್ಲಿ ಅದು ಸಭಾಮಂದಿರ. ಕಥೋಲಿಕ ಆರಾಧನೆಯಲ್ಲಿ ನಾವು ಓದುವ ಅನುವಾದದಲ್ಲಿ ಅದು ಪ್ರಾರ್ಥನಾಮಂದಿರ. ಅನುವಾದಕರ ರುಚಿಭೇದವೆಂದು ಇದನ್ನು ಬದಿಗಿಡುವಂತಿಲ್ಲ. ಗ್ರೀಕ್ ಭಾಷೆಯಲ್ಲಿಯೂ ಈ ಸಂಸ್ಥೆಗೆ ಎರಡು ಹೆಸರುಗಳಿದ್ದವು. ಒಂದು 'ಸಿನಗೋಗೆ', ಎಂದರೆ ಕೂಟ ಅಥವಾ ಸಭೆ. ಇನ್ನೊಂದು 'ಪ್ರೊಸೆಯುಖೆ', ಎಂದರೆ ಪ್ರಾರ್ಥನೆ, ಪ್ರಾರ್ಥನೆಯ ಸ್ಥಳ. ಎರಡು ಕನ್ನಡ ಪದಗಳ ನಡುವಿನ ಅಂತರದಲ್ಲಿ ಸುಮಾರು 5 ಶತಮಾನಗಳ ಚರಿತ್ರೆ ಅಡಗಿದೆ. ಈ ಲೇಖನದಲ್ಲಿ ಆ ಚರಿತ್ರೆಯನ್ನು ಸಂಕ್ಷೇಪವಾಗಿ ಪರಿಶೀಲಿಸುತ್ತೇವೆ.

ಈ ಪರಿಶೀಲನೆಗೆ ನಮ್ಮನ್ನು ಪ್ರೇರಿಸಿದ್ದು ಪುರಾತತ್ತ್ವದ ಕುತೂಹಲ ಮಾತ್ರವಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಂತಹ ಮಲೆನಾಡಿನ ಭಾಗಗಳಲ್ಲಿ ಸೇವೆ ಸಲ್ಲಿಸುವ ಗುರುಗಳಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಕಾಫಿ ಮತ್ತು ಅಡಿಕೆ ತೋಟಗಳ ನಡುವೆ ಚದುರಿರುವ ಚಿಕ್ಕ ಉಪಕೇಂದ್ರಗಳಿಗೆ, ಅದರಲ್ಲೂ ಮಳೆಗಾಲದಲ್ಲಿ, ಪ್ರತಿ ಭಾನುವಾರ ಬಲಿಪೂಜೆಯನ್ನು ಒದಗಿಸಲು ಒಬ್ಬ ಗುರುವಿನಿಂದ ಆಗುವುದಿಲ್ಲ. ಆಗ ಉಪದೇಶಿಯೋ, ಧಾರ್ಮಿಕ ಸಹೋದರಿಯೋ, ಊರಿನ ಒಬ್ಬ ಹಿರಿಯರೋ ವಾಚನಗಳನ್ನು ಓದಿ ಪ್ರಾರ್ಥನೆ ನಡೆಸುತ್ತಾರೆ. ಅಂತಹ ಭಾನುವಾರವನ್ನು ಕುರಿತು ಜನರು ಆಡುವ ಮಾತು ಒಂದೇ: 'ಇವತ್ತು ಪೂಜೆ ಇಲ್ಲ, ಬರೀ ಪ್ರಾರ್ಥನೆ.' ಈ 'ಬರೀ' ಎಂಬ ಪದದ ಹಿಂದೆ ಒಂದು ದೈವಶಾಸ್ತ್ರವಿದೆ. ಬಲಿಪೀಠ ಇಲ್ಲದಲ್ಲಿ ಆರಾಧನೆ ಇಲ್ಲ. ದೇವರ ವಾಕ್ಯದ ವಾಚನವು ಪೂಜೆಗೆ ಮುನ್ನುಡಿಯೇ ಹೊರತು ತನ್ನಷ್ಟಕ್ಕೆ ತಾನು ದೇವರೊಡನೆ ಭೇಟಿಯಾಗಲಾರದು ಎಂಬುದೇ ಆ ದೈವಶಾಸ್ತ್ರ. ಯೇಸುಸ್ವಾಮಿ ಬೆಳೆದ ಧಾರ್ಮಿಕ ಪರಿಸರ ಈ ವಿಷಯದಲ್ಲಿ ಏನು ಹೇಳುತ್ತದೆ ಎಂಬುದೇ ನಮ್ಮ ಪ್ರಶ್ನೆ.

ದೇವಾಲಯ ಒಂದು, ಸಭೆಗಳು ಹಲವು

ಸಭಾಮಂದಿರ ಎಲ್ಲಿ, ಯಾವಾಗ ಹುಟ್ಟಿತು? ಕ್ರಿ.ಪೂ. 586ರಲ್ಲಿ ದೇವಾಲಯ ನಾಶವಾದಾಗ, ಬಾಬಿಲೋನಿನ ಸೆರೆಯಲ್ಲಿ ಬಲಿಯಿಲ್ಲದ ಆರಾಧನೆಯಾಗಿ ಅದು ಆರಂಭವಾಯಿತೆಂದು ಹಳೆಯ ಪಠ್ಯಪುಸ್ತಕಗಳು ಬೋಧಿಸುತ್ತಿದ್ದವು. ಈ ಊಹೆ ಆಕರ್ಷಕವಾದುದು. ಆದರೆ ಆ ಕಾಲದ ಯಾವ ಕಟ್ಟಡವಾಗಲಿ ಶಾಸನವಾಗಲಿ ಅದನ್ನು ಸಮರ್ಥಿಸುವುದಿಲ್ಲ. ಇತ್ತೀಚಿನ ವಿದ್ವಾಂಸರಲ್ಲಿ ಲೀ ಲೆವಿನ್ ಅವರು ಬೇರೊಂದು ದಾರಿಯನ್ನು ತೋರಿಸಿದ್ದಾರೆ. ಪುರಾತನ ಇಸ್ರಯೇಲಿನಲ್ಲಿ ಊರ ಬಾಗಿಲ ಬಳಿಯ ಬಯಲು ನ್ಯಾಯತೀರ್ಮಾನ, ವ್ಯಾಪಾರ, ಸಾರ್ವಜನಿಕ ಸಭೆ, ಪ್ರವಾದಿಗಳ ಸಂದೇಶ ಎಲ್ಲಕ್ಕೂ ಸ್ಥಳವಾಗಿತ್ತು. ಗ್ರೀಕ್ ಆಳ್ವಿಕೆಯ ಕಾಲದಲ್ಲಿ ಊರಿನ ರಚನೆ ಬದಲಾದಂತೆ ಈ ಬಾಗಿಲ ಸಭೆಯೇ ಒಂದು ಚಾವಣಿಯ ಕೆಳಗೆ ಬಂದು ಸಭಾಮಂದಿರವಾಯಿತೆಂಬುದು ಅವರ ವಾದ. ನಮ್ಮ ಹಳ್ಳಿಗಳ ಅರಳಿಕಟ್ಟೆಯನ್ನು ಬಲ್ಲವರಿಗೆ ಇದು ದೂರದ ಕಲ್ಪನೆಯಾಗಿ ತೋರಲಾರದು.

ಈ ವಾದಕ್ಕೆ ನೆಹೆಮೀಯನ ಗ್ರಂಥದ 8ನೆಯ ಅಧ್ಯಾಯ ಬಲ ಕೊಡುತ್ತದೆ. ಎಜ್ರನು ಧರ್ಮಶಾಸ್ತ್ರವನ್ನು ಓದಿದ್ದು ದೇವಾಲಯದ ಅಂಗಳದಲ್ಲಿ ಅಲ್ಲ, ನೀರು ಬಾಗಿಲ ಮುಂದಿನ ಬಯಲಿನಲ್ಲಿ. ಅವನು ನಿಂತದ್ದು ಬಲಿಪೀಠದ ಮುಂದೆ ಅಲ್ಲ, ಅದಕ್ಕಾಗಿಯೇ ಮಾಡಿಸಿದ ಮರದ ವೇದಿಕೆಯ ಮೇಲೆ. ಕೇಳುಗರಲ್ಲಿ ಪುರುಷರಿದ್ದರು, ಸ್ತ್ರೀಯರಿದ್ದರು, ತಿಳಿದುಕೊಳ್ಳಬಲ್ಲ ಮಕ್ಕಳೂ ಇದ್ದರು. ಓದು ಬೆಳಗಿನಿಂದ ಮಧ್ಯಾಹ್ನದವರೆಗೆ ಸಾಗಿತು. ಲೇವಿಯರು ಜನರಿಗೆ ಅರ್ಥವಾಗುವಂತೆ ವಿವರಿಸಿದರು. ಜನರು ಅತ್ತರು, ಅಳಬೇಡಿ, ಹೋಗಿ ಊಟಮಾಡಿ, ಇಲ್ಲದವರಿಗೂ ಕಳುಹಿಸಿ ಎಂದು ಅವರಿಗೆ ಅಪ್ಪಣೆಯಾಯಿತು. ಓದು, ವಿವರಣೆ, ಪ್ರತಿಸ್ಪಂದನ, ಹಂಚಿಕೆ ಎಂಬ ನಾಲ್ಕು ಅಂಗಗಳೂ ಇಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಎಜ್ರನು ಸ್ವತಃ ಯಾಜಕನಾಗಿದ್ದರೂ ಆ ದಿನ ಯಾಜಕನ ಕೆಲಸಕ್ಕಿಂತ ಶಾಸ್ತ್ರಿಯ ಕೆಲಸವನ್ನು ಮಾಡಿದನೆಂಬುದನ್ನು ಗಮನಿಸಬೇಕು.

ಈಜಿಪ್ಟಿನಲ್ಲಿ: ಕಲ್ಲು ಮತ್ತು ಗ್ರಂಥ

ಸಭಾಮಂದಿರವನ್ನು ಕುರಿತ ಅತ್ಯಂತ ಹಳೆಯ ಲಿಖಿತ ಸಾಕ್ಷ್ಯ ದೊರೆತಿರುವುದು ಪವಿತ್ರ ನಾಡಿನಲ್ಲಲ್ಲ, ಈಜಿಪ್ಟಿನಲ್ಲಿ. ಕ್ರಿ.ಪೂ. 3ನೆಯ ಶತಮಾನದಲ್ಲಿ, ಮೂರನೆಯ ಟಾಲೆಮಿಯ ಆಳ್ವಿಕೆಯಲ್ಲಿ, ಅಲ್ಲಿನ ಯೆಹೂದ್ಯರು ರಾಜರಾಣಿಯರ ಹೆಸರಿನಲ್ಲಿ ಪ್ರಾರ್ಥನಾಮಂದಿರಗಳನ್ನು ಅರ್ಪಿಸಿದ ಶಾಸನಗಳು ಸಿಕ್ಕಿವೆ. ಇವುಗಳಲ್ಲಿ ಬಳಕೆಯಾದ ಪದ 'ಪ್ರೊಸೆಯುಖೆ'. ಜೆರುಸಲೇಮಿನ ದೇವಾಲಯ ದೂರವಿದ್ದ ನಾಡಿನಲ್ಲಿ ಪ್ರಾರ್ಥನೆಯ ಹೆಸರು ಮುಂದಾದುದು ಸಹಜ.

ಅದೇ ಶತಮಾನದಲ್ಲಿ, ಅದೇ ನಾಡಿನಲ್ಲಿ, ಇನ್ನೊಂದು ಮಹತ್ಕಾರ್ಯ ನಡೆಯಿತು. ಪಂಚಗ್ರಂಥಗಳು ಹೀಬ್ರೂವಿನಿಂದ ಗ್ರೀಕ್ ಭಾಷೆಗೆ ಅನುವಾದಗೊಂಡವು. ಇದೇ ಮುಂದೆ 'ಸಪ್ತತಿ' ಅನುವಾದವೆಂದು ಪ್ರಸಿದ್ಧವಾಯಿತು. ಆ ಅನುವಾದದ ಕಥೆಯನ್ನು ಹೇಳುವ 'ಅರಿಸ್ತೆಯನ ಪತ್ರ'ದಲ್ಲಿ 72 ಹಿರಿಯರ ಪ್ರಸಂಗ ದಂತಕಥೆಯಾಗಿರಬಹುದು. ಆದರೆ ಅದರಲ್ಲಿ ಒಂದು ವಿವರ ಬೆಲೆಯುಳ್ಳದ್ದು. ಅನುವಾದವನ್ನು ರಾಜನಿಗೆ ಒಪ್ಪಿಸುವ ಮುನ್ನ, ನೆರೆದ ಯೆಹೂದ್ಯ ಸಮುದಾಯದ ಮುಂದೆ ಅದನ್ನು ಗಟ್ಟಿಯಾಗಿ ಓದಲಾಯಿತು. ಸಮುದಾಯ ಅದನ್ನು ಅಂಗೀಕರಿಸಿತು. ಗ್ರಂಥಕ್ಕೆ ಅಧಿಕಾರ ಬಂದದ್ದು ಸಭೆ ಅದನ್ನು ಕೇಳಿ ತನ್ನದೆಂದಾಗ ಎಂಬ ತಿಳಿವಳಿಕೆ ಇಲ್ಲಿದೆ.

ಸಿರಾಖನ ಗ್ರಂಥವೂ ಇದೇ ಕಥೆಯನ್ನು ಇನ್ನೊಂದು ಬದಿಯಿಂದ ಹೇಳುತ್ತದೆ. ಕ್ರಿ.ಪೂ. ಸುಮಾರು 180ರಲ್ಲಿ ಜೆರುಸಲೇಮಿನ ಬೋಧಕನೊಬ್ಬ ಇದನ್ನು ಹೀಬ್ರೂವಿನಲ್ಲಿ ರಚಿಸಿದ. ಅವನ ಮೊಮ್ಮಗ ಕ್ರಿ.ಪೂ. 132ರಲ್ಲಿ ಈಜಿಪ್ಟಿಗೆ ಬಂದು ಅದನ್ನು ಗ್ರೀಕ್ ಭಾಷೆಗೆ ತಂದ. ಮುನ್ನುಡಿಯಲ್ಲಿ ಅವನು ಧರ್ಮಶಾಸ್ತ್ರ, ಪ್ರವಾದಿಗಳು, ಇತರ ಗ್ರಂಥಗಳು ಎಂದು ಮೂರು ವಿಭಾಗಗಳನ್ನು ಹೆಸರಿಸುತ್ತಾನೆ. ಹೀಬ್ರೂವಿನ ಶಕ್ತಿ ಪರಭಾಷೆಯಲ್ಲಿ ಪೂರ್ತಿಯಾಗಿ ಇಳಿಯದೆಂದು ಓದುಗರ ಕ್ಷಮೆ ಬೇಡುತ್ತಾನೆ. ಪವಿತ್ರಗ್ರಂಥವನ್ನು ಕನ್ನಡದಲ್ಲಿ ಓದಿ ವಿವರಿಸುವ ನಮಗೆ ಈ ಮೊಮ್ಮಗನ ಸಂಕೋಚ ಪರಿಚಿತವಾದುದೇ. ಗ್ರಂಥದ ಕೊನೆಯ ಅಧ್ಯಾಯದಲ್ಲಿ ಅಜ್ಜನು ವಿದ್ಯೆಯಿಲ್ಲದವರನ್ನು ತನ್ನ ಬೋಧನಾಗೃಹಕ್ಕೆ ಆಹ್ವಾನಿಸುತ್ತಾನೆ (ಸಿರಾಖ 51:23). ಮುಂದೆ ಸಭಾಮಂದಿರದ ಜೊತೆಜೊತೆಗೆ ಬೆಳೆದ 'ಬೇತ್ ಮಿದ್ರಾಶ್' ಎಂಬ ಅಧ್ಯಯನಗೃಹದ ಹೆಸರು ಮೊದಲು ಕಾಣಿಸುವುದು ಇಲ್ಲಿಯೇ.

ಸಾಹಿತ್ಯವು ಸಭೆಯನ್ನು ಬೆಳೆಸಿತೋ, ಸಭೆಯು ಸಾಹಿತ್ಯವನ್ನು ಬೆಳೆಸಿತೋ ಎಂದು ಕೇಳಿದರೆ ಎರಡನ್ನೂ ಒಪ್ಪಬೇಕಾಗುತ್ತದೆ. ವಾರವಾರವೂ ಓದುವ ಸಭೆಗೆ ಗ್ರಂಥದ ಪ್ರತಿಗಳು ಬೇಕು, ಅನುವಾದ ಬೇಕು, ವಿವರಣೆ ಬೇಕು. ಪ್ರತಿಗಳು, ಅನುವಾದಗಳು, ವಿವರಣೆಗಳು ಹೆಚ್ಚಿದಂತೆ ಅವನ್ನು ಕಾಪಾಡಲು ಮತ್ತು ಕಲಿಸಲು ಸಭೆಗೆ ಸ್ಥಳ ಬೇಕು.

ಥಿಯೊಡೋಟನ ಶಾಸನ

1913ರಲ್ಲಿ ರೇಮಂಡ್ ವೇಯ್ಲ್ ಅವರು ಜೆರುಸಲೇಮಿನಲ್ಲಿ, ದೇವಾಲಯದ ಗುಡ್ಡಕ್ಕೆ ದಕ್ಷಿಣದಲ್ಲಿ ನಡೆಸಿದ ಉತ್ಖನನದಲ್ಲಿ 10 ಸಾಲುಗಳ ಒಂದು ಗ್ರೀಕ್ ಶಾಸನ ದೊರೆಯಿತು. ಅದು ಕ್ರಿ.ಶ. 70ಕ್ಕಿಂತ ಹಿಂದಿನದೆಂದು ಬಹುಪಾಲು ವಿದ್ವಾಂಸರು ಒಪ್ಪುತ್ತಾರೆ. ಅದನ್ನು ಹಾಕಿಸಿದವನ ಹೆಸರು ಥಿಯೊಡೋಟ. ಅವನು ಯಾಜಕ ಮತ್ತು ಸಭಾಮಂದಿರದ ಅಧ್ಯಕ್ಷ. ಅವನ ತಂದೆಯೂ ತಾತನೂ ಸಭಾಮಂದಿರದ ಅಧ್ಯಕ್ಷರಾಗಿದ್ದವರು. ಈ ಕಟ್ಟಡವನ್ನು ಏಕೆ ಕಟ್ಟಿಸಿದೆನೆಂಬುದನ್ನು ಅವನು ಕ್ರಮವಾಗಿ ಹೇಳುತ್ತಾನೆ. ಮೊದಲನೆಯದು ಧರ್ಮಶಾಸ್ತ್ರದ ವಾಚನ. ಎರಡನೆಯದು ಆಜ್ಞೆಗಳ ಬೋಧನೆ. ಇವುಗಳ ಜೊತೆಗೆ ಪರದೇಶದಿಂದ ಬರುವವರಿಗೆ ತಂಗುಮನೆ, ಕೋಣೆಗಳು, ನೀರಿನ ವ್ಯವಸ್ಥೆ.

ಪ್ರಾರ್ಥನೆಯ ಉಲ್ಲೇಖ ಈ ಶಾಸನದಲ್ಲಿ ಇಲ್ಲ. ಆ ಸಭೆಯಲ್ಲಿ ಯಾರೂ ಪ್ರಾರ್ಥಿಸುತ್ತಿರಲಿಲ್ಲವೆಂದು ಇದರಿಂದ ತೀರ್ಮಾನಿಸುವುದು ತಪ್ಪು. ಸಭಾಮಂದಿರಗಳಲ್ಲಿ ನಿಂತು ಪ್ರಾರ್ಥಿಸುವವರನ್ನು ಮತ್ತಾಯನ ಶುಭಸಂದೇಶವೇ ಹೆಸರಿಸುತ್ತದೆ (6:5). ಆದರೆ ದೇವಾಲಯದ ನೆರಳಿನಲ್ಲಿಯೇ ಇದ್ದ ಒಂದು ಸಭಾಮಂದಿರ, ಒಬ್ಬ ಯಾಜಕನೇ ಕಟ್ಟಿಸಿದ ಸಭಾಮಂದಿರ, ತನ್ನ ಗುರುತನ್ನು ಓದು ಮತ್ತು ಬೋಧನೆಯಲ್ಲಿ ಕಂಡುಕೊಂಡಿತೆಂಬುದು ಗಮನಾರ್ಹ. ಬಲಿ ದೇವಾಲಯದಲ್ಲಿ, ವಾಕ್ಯ ಸಭಾಮಂದಿರದಲ್ಲಿ. ಒಂದು ಇನ್ನೊಂದರ ಬದಲಿಯಾಗಿರಲಿಲ್ಲ. ಎರಡೂ ದೇವರಿಗೆ ಸಲ್ಲುವ ಸೇವೆಯೇ ಆಗಿದ್ದವು.

ಕಟ್ಟಡಗಳೂ ಇದನ್ನೇ ಹೇಳುತ್ತವೆ. ಗಲಿಲೇಯ ಸರೋವರದ ಪೂರ್ವಕ್ಕಿರುವ ಗಮ್ಲಾ ಊರು ಕ್ರಿ.ಶ. 67ರಲ್ಲಿ ರೋಮನ್ ಸೈನ್ಯಕ್ಕೆ ಬಿದ್ದಿತು. ಅಲ್ಲಿ ಹೊರತೆಗೆಯಲಾದ ಸಭಾಂಗಣದಲ್ಲಿ ಗೋಡೆಗಳ ಉದ್ದಕ್ಕೂ ಮೆಟ್ಟಿಲುಗಳಂತಹ ಕಲ್ಲಿನ ಆಸನಗಳಿವೆ. ನಡುವಿನ ಜಾಗ ಬರಿದು. ಕುಳಿತವರು ಬಲಿಪೀಠವನ್ನಾಗಲಿ ಮೂರ್ತಿಯನ್ನಾಗಲಿ ನೋಡುವುದಿಲ್ಲ, ಒಬ್ಬರನ್ನೊಬ್ಬರು ನೋಡುತ್ತಾರೆ. ನಡುವೆ ನಿಂತು ಓದುವವನ ದನಿ ಎಲ್ಲರಿಗೂ ಸಮನಾಗಿ ಕೇಳುತ್ತದೆ. 2009ರಲ್ಲಿ ಮಗ್ದಲದಲ್ಲಿ ಬೆಳಕಿಗೆ ಬಂದ ಮೊದಲನೆಯ ಶತಮಾನದ ಸಭಾಮಂದಿರದಲ್ಲಿಯೂ ಇಂತಹದೇ ರಚನೆ. ಅಲ್ಲಿ ಸಿಕ್ಕ ಕೆತ್ತನೆಯ ಕಲ್ಲಿನ ಮೇಲೆ ದೇವಾಲಯದ ಏಳು ಕವಲಿನ ದೀಪಸ್ತಂಭದ ಚಿತ್ರವಿದೆ. ಮಸಾದಾ ಕೋಟೆಯ ಸಭಾಂಗಣದ ಹಿಂಬದಿಯ ಕೋಣೆಯ ನೆಲದಡಿಯಲ್ಲಿ ಧರ್ಮೋಪದೇಶಕಾಂಡದ ಮತ್ತು ಯೆಜೆಕಿಯೇಲನ ಗ್ರಂಥದ ತುಣುಕುಗಳು ದೊರೆತಿವೆ. ಯೆಜೆಕಿಯೇಲನ ತುಣುಕುಗಳಲ್ಲಿ ಒಣಗಿದ ಎಲುಬುಗಳು ಜೀವ ತಳೆಯುವ ದರ್ಶನವೂ ಸೇರಿದೆ. ಎಲ್ಲವನ್ನೂ ಕಳೆದುಕೊಳ್ಳಲಿದ್ದ ಜನರು ಹಳೆಯ ಸುರುಳಿಗಳನ್ನು ಎಸೆಯದೆ ಗೌರವದಿಂದ ಹೂತಿಟ್ಟಿದ್ದರು.

ಅಂದಿನ ಸಾಹಿತ್ಯ ಈ ಕಲ್ಲುಗಳಿಗೆ ದನಿ ಕೊಡುತ್ತದೆ. ಅಲೆಕ್ಸಾಂಡ್ರಿಯದ ಫೀಲೋ, ಸಬ್ಬತ್ ದಿನದಂದು ಜನರು ಒಟ್ಟಾಗಿ ಕುಳಿತು, ಯಾಜಕನೋ ಹಿರಿಯನೋ ಧರ್ಮಶಾಸ್ತ್ರವನ್ನು ಓದಿ ಒಂದೊಂದಾಗಿ ವಿವರಿಸುವುದನ್ನು ಸಂಜೆಯವರೆಗೆ ಕೇಳುತ್ತಿದ್ದರೆಂದು ಬರೆದಿದ್ದಾನೆ. ತಮ್ಮ ಜನರು ಒಮ್ಮೆಯೋ ಎರಡು ಬಾರಿಯೋ ಅಲ್ಲದೆ ವಾರವಾರವೂ ಧರ್ಮಶಾಸ್ತ್ರವನ್ನು ಕೇಳಬೇಕೆಂಬುದು ಮೋಶೆಯ ಕಟ್ಟಳೆ ಎಂದು ಜೋಸೆಫಸ್ ಹೆಮ್ಮೆಪಡುತ್ತಾನೆ. 1947ರಿಂದ ಬೆಳಕಿಗೆ ಬಂದ ಕುಮ್ರಾನ್ ಸುರುಳಿಗಳಲ್ಲಿ ಒಂದಾದ 'ಸಮುದಾಯದ ನಿಯಮಾವಳಿ', ಹತ್ತು ಮಂದಿ ಇರುವಲ್ಲಿ ಒಬ್ಬನಾದರೂ ಹಗಲಿರುಳು ಧರ್ಮಶಾಸ್ತ್ರವನ್ನು ಅಭ್ಯಾಸ ಮಾಡುತ್ತಿರಬೇಕೆಂದೂ, ವರ್ಷದ ರಾತ್ರಿಗಳ ಮೂರನೆಯ ಒಂದು ಭಾಗವನ್ನು ಸಮುದಾಯವು ಒಟ್ಟಾಗಿ ಓದಿನಲ್ಲಿ ಕಳೆಯಬೇಕೆಂದೂ ವಿಧಿಸುತ್ತದೆ. ದೇವಾಲಯದ ಯಾಜಕವರ್ಗದೊಡನೆ ಮುರಿದುಕೊಂಡ ಈ ಪಂಥದವರೂ, ದೇವಾಲಯವನ್ನು ಗೌರವಿಸುತ್ತಿದ್ದ ಫೀಲೋ ಮತ್ತು ಜೋಸೆಫಸರೂ ಈ ಒಂದು ವಿಷಯದಲ್ಲಿ ಒಮ್ಮತದವರು.

ಹೊಸ ಒಡಂಬಡಿಕೆಯ ಸಾಕ್ಷ್ಯ

ಈ ಹಿನ್ನೆಲೆಯಲ್ಲಿ ಲೂಕನ ಶುಭಸಂದೇಶದ 4ನೆಯ ಅಧ್ಯಾಯವನ್ನು ಓದಿದರೆ ಅದರ ಪ್ರತಿ ವಿವರವೂ ಜೀವಂತವಾಗುತ್ತದೆ. ವಾಡಿಕೆಯಂತೆ ಸಬ್ಬತ್ ದಿನ ಹೋಗುವುದು, ಓದಲು ಏಳುವುದು, ಸುರುಳಿಯನ್ನು ಪಡೆಯುವುದು, ಓದಿ ಹಿಂದಿರುಗಿಸುವುದು, ಕುಳಿತು ಬೋಧಿಸುವುದು ಇವೆಲ್ಲ ಆ ಸಭೆಯ ಕ್ರಮ. ಯೇಸುಸ್ವಾಮಿ ಲೇವಿಯ ಕುಲದವರಲ್ಲ. ಯಾಜಕರಾಗಿ ದೇವಾಲಯದ ಒಳಾಂಗಣವನ್ನು ಅವರು ಪ್ರವೇಶಿಸುವಂತಿರಲಿಲ್ಲ. ಸಭಾಮಂದಿರದಲ್ಲಿಯಾದರೋ ಬಡಗಿಯ ಮಗನಿಗೂ ಗ್ರಂಥ ದೊರೆಯಿತು. ತಮ್ಮ ಕಾರ್ಯದ ಮೊದಲ ಘೋಷಣೆಯನ್ನು ಅವರು ಮಾಡಿದ್ದು ಇಂತಹ ಕಡೆಯಲ್ಲಿ, ಇಂದು ನೆರವೇರಿತೆಂದು ಹೇಳಿದ್ದು ಓದಿದ ವಾಕ್ಯವನ್ನು ಕುರಿತು.

ಪಿಸಿದಿಯದ ಅಂತಿಯೋಕ್ಯದಲ್ಲಿ ಧರ್ಮಶಾಸ್ತ್ರ ಮತ್ತು ಪ್ರವಾದಿಗಳ ವಾಚನವಾದ ಮೇಲೆ ಅಧ್ಯಕ್ಷರು ಪೌಲನಿಗೆ ಮಾತನಾಡಲು ಅವಕಾಶ ಕೊಟ್ಟರು (ಪ್ರೇಷಿತರ ಕಾರ್ಯಕಲಾಪಗಳು 13:14-15). ಫಿಲಿಪ್ಪಿಯಲ್ಲಿ ನದಿಯ ದಡದ ಪ್ರಾರ್ಥನಾಸ್ಥಳದಲ್ಲಿ ಅವನು ಕಂಡದ್ದು ಸ್ತ್ರೀಯರ ಗುಂಪನ್ನು (16:13). ಯೂರೋಪಿನ ಧರ್ಮಸಭೆಯ ಮೊದಲ ಅಧ್ಯಾಯ ಅಲ್ಲಿ, ಲಿದಿಯಳ ಮನೆಯಲ್ಲಿ, ಆರಂಭವಾಯಿತು. ಯಕೋಬನ ಪತ್ರವು ಕ್ರೈಸ್ತರ ಕೂಟವನ್ನೇ 'ಸಿನಗೋಗೆ' ಎಂದು ಕರೆಯುತ್ತದೆ (2:2). ಚಿನ್ನದ ಉಂಗುರದ ಶ್ರೀಮಂತನಿಗೂ ಹರಕು ಬಟ್ಟೆಯ ಬಡವನಿಗೂ ಆಸನ ಕೊಡುವುದರಲ್ಲಿ ಪಕ್ಷಪಾತ ಬೇಡವೆಂಬ ಎಚ್ಚರಿಕೆ ಅಲ್ಲಿ ಬರುತ್ತದೆ. ಗಮ್ಲಾದ ಆಸನಗಳನ್ನು ನೆನೆದರೆ ಆ ಎಚ್ಚರಿಕೆಯ ಬಿಸಿ ಅರ್ಥವಾಗುತ್ತದೆ: ಎಲ್ಲರೂ ಎಲ್ಲರಿಗೂ ಕಾಣುವ ಸ್ಥಳದಲ್ಲಿ ಯಾರು ಎಲ್ಲಿ ಕುಳಿತರೆಂಬುದು ಗುಟ್ಟಾಗಿ ಉಳಿಯದು.

ಇಲ್ಲಿ ನಮ್ಮ ಪ್ರಬೋಧನೆಯ ಒಂದು ದೋಷವನ್ನು ಹೆಸರಿಸಬೇಕು. ಸಭಾಮಂದಿರವೆಂದರೆ ಒಣ ನಿಯಮಗಳ ಮನೆ, ಯೇಸುಸ್ವಾಮಿ ಅದನ್ನು ತೊರೆದು ಪ್ರೀತಿಯ ಧರ್ಮವನ್ನು ತಂದರು ಎಂಬ ಮಾತು ನಮ್ಮ ಪೀಠಗಳಿಂದ ಇಂದಿಗೂ ಕೇಳಿಬರುತ್ತದೆ. ಮಲೆನಾಡಿನ ನಮ್ಮ ಜನರಿಗೆ ಯೆಹೂದ್ಯ ನೆರೆಹೊರೆಯವರಿಲ್ಲ. ಯೆಹೂದ್ಯರನ್ನು ಕುರಿತು ಅವರು ತಿಳಿಯುವುದೆಲ್ಲ ನಾವು ಹೇಳಿದ್ದರಿಂದಲೇ. ತಿದ್ದುವವರು ಪಕ್ಕದಲ್ಲಿಲ್ಲದಿರುವಾಗ ಹೇಳುವವರ ಹೊಣೆ ಹೆಚ್ಚುತ್ತದೆ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಕ್ರೈಸ್ತೇತರ ಧರ್ಮಗಳನ್ನು ಕುರಿತ ತನ್ನ ಘೋಷಣೆಯಲ್ಲಿ ಯೆಹೂದ್ಯರನ್ನು ದೇವರಿಂದ ತಿರಸ್ಕೃತರೆಂದು ಚಿತ್ರಿಸಬಾರದೆಂದು ಸ್ಪಷ್ಟಪಡಿಸಿತು. ಚರಿತ್ರೆಯೂ ಅದನ್ನೇ ಬೋಧಿಸುತ್ತದೆ: ನಮ್ಮ ವಾಕ್ಯವಿಧಿಯನ್ನು ನಾವು ಕಲಿತದ್ದು ಆ ಮನೆಯಲ್ಲಿ.

ದೇವಾಲಯ ಬಿದ್ದ ಮೇಲೆ

ಕ್ರಿ.ಶ. 70ರಲ್ಲಿ ಜೆರುಸಲೇಮಿನ ದೇವಾಲಯ ಸುಟ್ಟು ಬಿದ್ದಿತು. ಬಲಿ ನಿಂತಿತು; ಸಭಾಮಂದಿರ ಉಳಿಯಿತು. ಪ್ರಾರ್ಥನೆ ಬಲಿಯ ಸ್ಥಾನಕ್ಕೆ ಬಂದಿತು, ಪ್ರಾರ್ಥನೆಯ ಹೊತ್ತುಗಳು ಬಲಿಯ ಹೊತ್ತುಗಳನ್ನು ಅನುಸರಿಸಿದವು. ಯೆಜೆಕಿಯೇಲನು ಹೇಳುವ ಕಿರಿದಾದ ಪವಿತ್ರಾಲಯವೆಂದರೆ (11:16) ಸಭಾಮಂದಿರಗಳೇ ಎಂದು ರಬ್ಬಿಗಳು ವ್ಯಾಖ್ಯಾನಿಸಿದರು. ಆಸನಗಳು ಜೆರುಸಲೇಮಿನ ಕಡೆಗೆ ತಿರುಗಿದವು. ಸುರುಳಿಗಳನ್ನಿಡುವ ಗೂಡು ಗೋಡೆಯಲ್ಲಿ ಸ್ಥಿರವಾಯಿತು. ಈ ಹಂತಕ್ಕೆ ಬಂದಾಗ 'ಪ್ರಾರ್ಥನಾಮಂದಿರ' ಎಂಬ ನಮ್ಮ ಪದ ಪೂರ್ತಿಯಾಗಿ ಒಪ್ಪುತ್ತದೆ.

ಆದರೂ ಕೇಂದ್ರ ಬದಲಾಗಲಿಲ್ಲ. ಕ್ರಿ.ಶ. ಸುಮಾರು 200ರಲ್ಲಿ ಸಂಕಲಿತವಾದ ಮಿಶ್ನಾದ 'ಮೆಗಿಲ್ಲಾ' ಭಾಗದಲ್ಲಿ ಊರಿನ ಸೊತ್ತನ್ನು ಮಾರುವ ನಿಯಮಗಳಿವೆ. ಊರ ಬಯಲನ್ನು ಮಾರಿದ ಹಣದಿಂದ ಸಭಾಮಂದಿರವನ್ನು ಕೊಳ್ಳಬಹುದು. ಸಭಾಮಂದಿರವನ್ನು ಮಾರಿದರೆ ಸುರುಳಿಯ ಪೆಟ್ಟಿಗೆ, ಪೆಟ್ಟಿಗೆಯಿಂದ ಸುರುಳಿಯ ವಸ್ತ್ರ, ವಸ್ತ್ರದಿಂದ ಇತರ ಗ್ರಂಥಗಳು, ಅವುಗಳಿಂದ ಧರ್ಮಶಾಸ್ತ್ರದ ಸುರುಳಿ. ಈ ಕ್ರಮ ತಿರುಗುಮುರುಗಾಗಬಾರದು. ಪವಿತ್ರತೆಯ ಏಣಿಯಲ್ಲಿ ಕಟ್ಟಡ ಕೆಳಗಿನ ಮೆಟ್ಟಿಲು, ಓದುವ ಸುರುಳಿ ಮೇಲಿನದು. ಕಟ್ಟಡ ಪವಿತ್ರವಾಗುವುದು ಅದರೊಳಗೆ ಓದಲಾಗುವುದರಿಂದ. ದೇವಾಲಯದ ಕಟ್ಟಡಕ್ಕಾಗಿ ವರ್ಷಗಟ್ಟಲೆ ದೇಣಿಗೆ ಸಂಗ್ರಹಿಸಿ, ವಾಚನಗ್ರಂಥದ ಹರಿದ ಹಾಳೆಗಳನ್ನು ಹಾಗೆಯೇ ಬಿಡುವ ನಮ್ಮ ಧರ್ಮಕೇಂದ್ರಗಳು ಈ ಏಣಿಯನ್ನು ಒಮ್ಮೆ ನೋಡುವುದೊಳ್ಳೆಯದು.

ಯೂಫ್ರೆಟಿಸ್ ತೀರದ ದುರಾ-ಯೂರೋಪೋಸ್ ನಗರದಲ್ಲಿ ಕ್ರಿ.ಶ. 244-245ರ ಸಭಾಮಂದಿರವೊಂದು 1932ರಲ್ಲಿ ಬೆಳಕಿಗೆ ಬಂದಿತು. ಅದರ ಗೋಡೆಗಳ ತುಂಬ ಪವಿತ್ರಗ್ರಂಥದ ಚಿತ್ರಗಳು. ಅದೇ ಕೋಟೆಗೋಡೆಯ ಬದಿಯಲ್ಲಿ, ಅನತಿದೂರದಲ್ಲಿ, ಮನೆಯನ್ನೇ ಮಾರ್ಪಡಿಸಿಕೊಂಡ ಕ್ರೈಸ್ತರ ಸಭೆಯೂ ಇತ್ತು. ಎರಡು ಸಮುದಾಯಗಳೂ ಒಂದೇ ಗ್ರಂಥದ ಕಥೆಗಳನ್ನು ಗೋಡೆಗೆ ಬರೆಸಿದ್ದವು. ಸ್ಮುರ್ನದ ಒಂದು ಗ್ರೀಕ್ ಶಾಸನ ರುಫಿನಾ ಎಂಬ ಯೆಹೂದ್ಯ ಸ್ತ್ರೀಯನ್ನು ಸಭಾಮಂದಿರದ ಅಧ್ಯಕ್ಷೆ ಎಂದು ಕರೆಯುತ್ತದೆ. ಈ ಸಂಸ್ಥೆಯ ಒಳಜೀವನ ನಾವು ಎಣಿಸುವುದಕ್ಕಿಂತ ವೈವಿಧ್ಯಪೂರ್ಣವಾಗಿತ್ತು.

ಈ ಪರಂಪರೆಯ ಗುರುತು ನಮ್ಮ ನೆರೆಯಲ್ಲಿಯೂ ಇದೆ. ನರಸಿಂಹರಾಜಪುರದ ಸುತ್ತ ಕೇರಳದಿಂದ ಬಂದು ನೆಲೆಸಿದ ಸುರಿಯಾನಿ ಪರಂಪರೆಯ ಕ್ರೈಸ್ತರಿದ್ದಾರೆ. ಪೌರಸ್ತ್ಯ ಸುರಿಯಾನಿ ವಿಧಿಯ ಪೂರ್ಣ ಕ್ರಮದಲ್ಲಿ ಪತ್ರ ಮತ್ತು ಶುಭಸಂದೇಶಕ್ಕೆ ಮೊದಲು ಹಳೆಯ ಒಡಂಬಡಿಕೆಯಿಂದ ಎರಡು ವಾಚನಗಳಿವೆ. ಧರ್ಮಶಾಸ್ತ್ರ, ಬಳಿಕ ಪ್ರವಾದಿಗಳು ಎಂಬ ಸಭಾಮಂದಿರದ ಕ್ರಮದ ನೆನಪನ್ನು ವಿದ್ವಾಂಸರು ಇದರಲ್ಲಿ ಕಾಣುತ್ತಾರೆ. ಆ ಪರಂಪರೆಯ ಪುರಾತನ ದೇವಾಲಯಗಳಲ್ಲಿ ವಾಚನದ ವೇದಿಕೆ ಜನರ ನಡುವೆಯೇ ಇರುತ್ತಿತ್ತು.

ಮಂಗಳೂರಿನ ಕಾಗದಗಳು

ಕರ್ನಾಟಕಕ್ಕೂ ಸಭಾಮಂದಿರಕ್ಕೂ ಇರುವ ಅತ್ಯಂತ ಸೋಜಿಗದ ನಂಟು ಒಂದು ಉಗ್ರಾಣಕ್ಕೆ ಸಂಬಂಧಿಸಿದ್ದು. ದೇವರ ನಾಮವಿರುವ ಬರಹವನ್ನು ನಾಶಪಡಿಸಬಾರದೆಂಬ ಭಾವನೆಯಿಂದ ಯೆಹೂದ್ಯರು ಸವೆದ ಗ್ರಂಥಗಳನ್ನೂ ಕಾಗದಗಳನ್ನೂ ಸಭಾಮಂದಿರದ ಒಂದು ಕೋಣೆಯಲ್ಲಿ ಇಡುತ್ತಿದ್ದರು. ಇದೇ 'ಗೆನಿಜಾ'. ಹಳೆಯ ಕೈರೋದ ಬೆನ್ ಎಜ್ರಾ ಸಭಾಮಂದಿರದ ಗೆನಿಜಾದಲ್ಲಿ ಶತಮಾನಗಳ ಕಾಗದಗಳು ಕೂಡಿದ್ದವು. 1896ರಲ್ಲಿ ಆಗ್ನೆಸ್ ಲೂಯಿಸ್ ಮತ್ತು ಮಾರ್ಗರೆಟ್ ಗಿಬ್ಸನ್ ಎಂಬ ಅವಳಿ ಸಹೋದರಿಯರು ತಂದ ಹಾಳೆಗಳಲ್ಲಿ ಒಂದನ್ನು ಕೇಂಬ್ರಿಜಿನ ಸೊಲೊಮೊನ್ ಶೆಕ್ಟರ್ ಸಿರಾಖನ ಹೀಬ್ರೂ ಮೂಲವೆಂದು ಗುರುತಿಸಿದರು. ಶತಮಾನಗಳಿಂದ ಅನುವಾದಗಳಲ್ಲಿ ಮಾತ್ರ ಉಳಿದಿತ್ತೆಂದು ಎಣಿಸಿದ್ದ ಗ್ರಂಥದ ಮೂಲ ಹೀಗೆ ಮರಳಿ ದೊರೆಯಿತು. ಶೆಕ್ಟರ್ ಕೈರೋಗೆ ಹೋಗಿ ಸುಮಾರು 1,93,000 ತುಣುಕುಗಳನ್ನು ತಂದರು. ಅವುಗಳಲ್ಲಿದ್ದ 'ದಮಸ್ಕದ ದಾಖಲೆ'ಯನ್ನು 1910ರಲ್ಲಿ ಪ್ರಕಟಿಸಿದರು. ಅದರ ಹಳೆಯ ಪ್ರತಿಗಳು ದಶಕಗಳ ಬಳಿಕ ಕುಮ್ರಾನಿನಲ್ಲಿ ಸಿಕ್ಕವು.

ಅದೇ ಕೋಣೆಯಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ವರ್ತಕನ ಕಾಗದಗಳೂ ಇದ್ದವು. ಉತ್ತರ ಆಫ್ರಿಕದ ಮಹ್ದಿಯಾದಿಂದ ಬಂದ ಈತ 1132ರ ಹೊತ್ತಿಗೆ ಮಂಗಳೂರಿನಲ್ಲಿದ್ದ. ಆ ವರ್ಷ ಅಲ್ಲಿಯೇ ಅಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರ ಉಳಿದಿದೆ. ಸುಮಾರು 17 ವರ್ಷಗಳ ಕಾಲ ಕರಾವಳಿಯಲ್ಲಿ ನೆಲೆಸಿ, 1149ರಲ್ಲಿ ಏಡನ್ನಿಗೆ ಮರಳಿ, ಕೊನೆಗೆ ಈಜಿಪ್ಟಿನಲ್ಲಿ ನೆಲೆಯಾದ. ಏಡನ್ನಿನ ಗೆಳೆಯರೊಡನೆ ಅವನು ನಡೆಸಿದ ಪತ್ರವ್ಯವಹಾರದಲ್ಲಿ ಅಡಿಕೆ, ಕಾಳುಮೆಣಸು, ಏಲಕ್ಕಿ, ಕಬ್ಬಿಣ, ಕಂಚಿನ ಪಾತ್ರೆಗಳ ಲೆಕ್ಕಗಳಿವೆ. ಘಟ್ಟದ ನಮ್ಮ ತೋಟಗಳು ಇಂದಿಗೂ ಬೆಳೆಯುವ ಅಡಿಕೆ, ಮೆಣಸು, ಏಲಕ್ಕಿಗಳ ಹೆಸರುಗಳು ಸಿರಾಖನ ಗ್ರಂಥದ ಮಗ್ಗುಲಲ್ಲಿ 7 ಶತಮಾನಕ್ಕೂ ಹೆಚ್ಚು ಕಾಲ ಮಲಗಿದ್ದವು. ಎಸ್. ಡಿ. ಗೊಯ್ಟೈನ್ ಅವರ ಸಂಶೋಧನೆ ಈ ಕಾಗದಗಳನ್ನು ಜಗತ್ತಿಗೆ ಪರಿಚಯಿಸಿತು. ಸಭಾಮಂದಿರವು ಲೇಖನಕ್ಕೆ ತೋರಿದ ಗೌರವವಿಲ್ಲದಿದ್ದರೆ ಪವಿತ್ರಗ್ರಂಥದ ಒಂದು ಮೂಲವೂ, ಕನ್ನಡ ಕರಾವಳಿಯ ಒಂದು ಕಾಲಘಟ್ಟವೂ ಒಟ್ಟಿಗೇ ಕಳೆದುಹೋಗುತ್ತಿದ್ದವು.

ನಮ್ಮ ಬೆಟ್ಟದ ಕೇಂದ್ರಗಳಿಗೆ

ಗ್ರಂಥಗೌರವ ನಮ್ಮ ನೆಲಕ್ಕೆ ಹೊಸದಲ್ಲ. ಶೃಂಗೇರಿಯಲ್ಲಿ ಶಾರದೆಯ ಸನ್ನಿಧಿಗೆ ಮಕ್ಕಳನ್ನು ಕರೆತಂದು ಅಕ್ಷರಾಭ್ಯಾಸ ಮಾಡಿಸುತ್ತಾರೆ. ನರಸಿಂಹರಾಜಪುರದ ಸಿಂಹನಗದ್ದೆಯಲ್ಲಿ ಜೈನ ಮಠವಿದೆ; ಶ್ರುತಪಂಚಮಿಯಂದು ಶಾಸ್ತ್ರವನ್ನೇ ಪೂಜಿಸುವ ಪರಂಪರೆ ಆ ಸಮುದಾಯದ್ದು. ಘಟ್ಟದ ಕೆಳಗಿನ ಮೂಡಬಿದಿರೆಯಲ್ಲಿ ಷಟ್ಖಂಡಾಗಮದ ಧವಲಾ ಟೀಕೆಯ ತಾಳೆಗರಿಗಳು ಶತಮಾನಗಳ ಕಾಲ ಭಕ್ತರ ದರ್ಶನಕ್ಕೆ ಮೀಸಲಾಗಿದ್ದವು. 19ನೆಯ ಶತಮಾನದ ಕೊನೆಯಲ್ಲಿ ಪ್ರತಿಮಾಡುವ ಕೆಲಸ ಆರಂಭವಾಗಿ, 1939ರಿಂದ ಅವು ಅಚ್ಚಾದವು. ಕಾಪಾಡಿದ ಭಕ್ತಿಯೂ ದೊಡ್ಡದು, ಓದಿಗೆ ತೆರೆದ ಧೈರ್ಯವೂ ದೊಡ್ಡದು. ಗ್ರಂಥವನ್ನು ಕಣ್ಣಿಗೊತ್ತಿಕೊಳ್ಳುವ ನಾಡಿನಲ್ಲಿ ಗ್ರಂಥವನ್ನು ಕಿವಿಗೆ ಮುಟ್ಟಿಸುವ ಕೆಲಸ ನಮಗೆ ಒಪ್ಪಿಸಲಾಗಿದೆ.

ಒಂದು ಆಕ್ಷೇಪವನ್ನು ಇಲ್ಲಿ ಎದುರಿಸಬೇಕು. ವಾಕ್ಯದ ಸಭೆಗೆ ಇಷ್ಟು ಮಹತ್ವ ಕೊಟ್ಟರೆ ಬಲಿಪೂಜೆಯ ಬೆಲೆ ಕಡಿಮೆಯಾಗದೆ? ಚರಿತ್ರೆಯ ಉತ್ತರ ಸ್ಪಷ್ಟ. ಥಿಯೊಡೋಟನು ಯಾಜಕನಾಗಿದ್ದುಕೊಂಡೇ ಸಭಾಮಂದಿರವನ್ನು ಕಟ್ಟಿಸಿದ. ದೇವಾಲಯ ನಿಂತಿರುವಾಗಲೇ ಸಭಾಮಂದಿರ ಬೆಳೆಯಿತು. ಪರಮಪ್ರಸಾದವಿಲ್ಲದೆ ಧರ್ಮಸಭೆ ಬಾಳಲಾರದು; ಉಪಕೇಂದ್ರದ ಜನರು ಪೂಜೆಗಾಗಿ ಹಂಬಲಿಸುವುದು ನ್ಯಾಯವೇ, ಆ ಹಂಬಲವನ್ನು ತಣಿಸುವ ಹೊಣೆ ನಮ್ಮದು. ಆದರೆ ಹಂಬಲಿಸುವವರು ಬರಿಗೈಯಲ್ಲಿ ಕುಳಿತಿಲ್ಲ. ಮಹಾಸಭೆಯ ದೈವಾರಾಧನೆಯ ಸಂವಿಧಾನ (1963) ಗುರುಗಳಿಲ್ಲದ ಕಡೆಗಳಲ್ಲಿ ವಾಕ್ಯದ ಆಚರಣೆಗಳನ್ನು ವಿಶೇಷವಾಗಿ ಪ್ರೋತ್ಸಾಹಿಸುತ್ತದೆ. ದೈವಿಕ ಪ್ರಕಟಣೆಯನ್ನು ಕುರಿತ ಸಂವಿಧಾನ (1965) ಧರ್ಮಸಭೆಯು ಪ್ರಭುವಿನ ಶರೀರವನ್ನು ಪೂಜಿಸುವಂತೆಯೇ ಪವಿತ್ರಗ್ರಂಥವನ್ನೂ ಪೂಜ್ಯಭಾವದಿಂದ ಕಂಡಿದೆಯೆಂದು ನೆನಪಿಸುತ್ತದೆ. ಗುರುವಿಲ್ಲದ ಭಾನುವಾರಗಳ ಆಚರಣೆಗೆ 1988ರಲ್ಲಿಯೇ ಮಾರ್ಗದರ್ಶಿ ಹೊರಬಂದಿದೆ. 2021ರಲ್ಲಿ ವಿಶ್ವಗುರು ಫ್ರಾನ್ಸಿಸರು ವಾಚಕಸೇವೆಯನ್ನು ಸ್ತ್ರೀಯರಿಗೂ ತೆರೆದರು, ಉಪದೇಶಿಯ ಸೇವೆಯನ್ನು ವಿಧಿಪೂರ್ವಕ ಸೇವೆಯನ್ನಾಗಿ ಸ್ಥಾಪಿಸಿದರು. ಇವು ಕೊರತೆಯನ್ನು ಮುಚ್ಚುವ ತೇಪೆಗಳಲ್ಲ. ಎಜ್ರನ ಮರದ ವೇದಿಕೆಯಿಂದ ಬಂದ ಪರಂಪರೆ.

ಗುರುವಿದ್ಯಾರ್ಥಿಗಳಿಗೆ ಇದರಿಂದ ದೊರೆಯುವ ಪಾಠಗಳು ಸರಳವಾಗಿವೆ. ವೇಳೆಯ ಅಭಾವದಿಂದ ಹಳೆಯ ಒಡಂಬಡಿಕೆಯ ವಾಚನವನ್ನು ಬಿಡುವ ರೂಢಿಯನ್ನು ನಾವು ಬಿಡಬೇಕು. ನಜರೇತಿನಲ್ಲಿ ಓದಿದ್ದು ಅದನ್ನೇ. ವಾಚನದ ಬಳಿಕ ವಿವರಣೆ ಇರಲೇಬೇಕು; ಲೇವಿಯರು ಮಾಡಿದ್ದು ಅದನ್ನೇ. ಬಾರದಿರುವ ಭಾನುವಾರಕ್ಕೆ ಒಂದು ಪುಟದ ವಿವರಣೆಯನ್ನು ಗುರುಗಳು ಮೊದಲೇ ಬರೆದು ಕಳುಹಿಸಬಹುದು. ವಾಚಕರಿಗೆ ವಾಕ್ಯಭಾಗ ಶನಿವಾರವೇ ಕೈಸೇರಿ, ಮನೆಯಲ್ಲಿ ಒಮ್ಮೆ ಗಟ್ಟಿಯಾಗಿ ಓದಿಯಾಗಿರಬೇಕು. ಹರಿದ ವಾಚನಗ್ರಂಥಕ್ಕೆ ಬದಲು ಹೊಸದು ಬರಬೇಕು, ಹಳೆಯದನ್ನು ರದ್ದಿಗೆ ಹಾಕಬಾರದು. ಪ್ರಕಟಣೆ ಹೊರಡಿಸುವಾಗ 'ಪೂಜೆ ಇಲ್ಲ' ಎಂದು ಬರೆಯದೆ 'ವಾಕ್ಯದ ಆರಾಧನೆ, ಬೆಳಿಗ್ಗೆ 8ಕ್ಕೆ' ಎಂದು ಬರೆಯೋಣ. ನಾವು ಇಟ್ಟ ಹೆಸರಿನಿಂದಲೇ ಜನರು ಅದನ್ನು ಕರೆಯುತ್ತಾರೆ.